ಪೆನ್ಶನ್ ಬಂದ ಮೇಲಿನ ಮೊದಲ ವರ್ಷ

ಈ ಅಂಕಣದ ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಯಾವಾಗಲೂ ತಗ್ಗಿದ ದನಿಯಲ್ಲಿ ಬರುತ್ತದೆ. ಕೇಳುವವರು ಬಹುತೇಕ ಹೆಣ್ಣುಮಕ್ಕಳು. ಮದುವೆ ಮನೆಯಲ್ಲಿ ಪಂಕ್ತಿ ಎದ್ದ ಮೇಲೆ, ಇಲ್ಲವೇ ಸಂತೆಯಿಂದ ಮರಳುವಾಗ, ಆಚೀಚೆ ನೋಡಿ ಹತ್ತಿರ ಬರುತ್ತಾರೆ. “ಅಣ್ಣಾರ, ನಮ್ಮ ಮನ್ಯಾವ್ರು ಮಿಲಿಟರಿಯಿಂದ ಪೆನ್ಶನ್ ಬಂದು ವರ್ಷ ಆಗಾಕ ಬಂತ್ರಿ. ಗಡಿ ಮ್ಯಾಲ ಇದ್ದಾಗ ಫೋನಿನ್ಯಾಗ ಚಂದ ಮಾತಾಡ್ತಿದ್ರು. ಈಗ ಎದುರಿಗೆ ಕುಂತ್ರೂ ಮಾತಿಲ್ಲ. ರಾತ್ರಿ ಎದ್ದು ಹಿತ್ತಲದಾಗ ಅಡ್ಡಾಡ್ತಾರ. ಹುಡುಗೂರು ಪಟಾಕಿ ಹಚ್ಚಿದ್ರ ಮೈಯೆಲ್ಲಾ ನಡಗತೈತಿ. ಯಾರಿಗೆ ತೋರಸೂದ್ರಿ?” ಅಷ್ಟರಲ್ಲಿ ಅವರು ದೇವರಿಗೆ ಹರಕೆ ಹೊತ್ತಿರುತ್ತಾರೆ, ತಾಯತ ಕಟ್ಟಿಸಿರುತ್ತಾರೆ. ವೈದ್ಯರ ಹತ್ತಿರ ಹೋಗುವ ಮಾತು ಮಾತ್ರ ಮನೆಯಲ್ಲಿ ಎದ್ದಿರುವುದಿಲ್ಲ.

ಬೆಳಗಾವಿ ಜಿಲ್ಲೆಯವರಿಗೆ ಫೌಜು ದೂರದ ಸುದ್ದಿಯಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ನಸುಕಿನಲ್ಲಿ ಬಸ್ಸು ಹಿಡಿದರೆ ಡಾಂಬರು ರಸ್ತೆಯ ಮೇಲೆ ಓಡುವ ಹುಡುಗರ ಗುಂಪು ಕಂಡೇ ಕಾಣುತ್ತದೆ. ಅದು ಭರ್ತಿಯ ತಯಾರಿ. ಹೋದವರು ಮರಳಿ ಬಂದ ದಿನ ಊರು ಅವರನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ, ಹಾರ ಹಾಕಿ, ಡಾಲ್ಬಿ ಹಚ್ಚಿ ಮೆರವಣಿಗೆ ಮಾಡುತ್ತದೆ. ಶಾಲೆಯ ಮಕ್ಕಳು ಧ್ವಜ ಹಿಡಿದು ಮುಂದೆ ನಡೆಯುತ್ತಾರೆ, ಮುತ್ತೈದೆಯರು ಆರತಿ ಎತ್ತುತ್ತಾರೆ. ಈ ಪ್ರೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರು ಇರುವುದು ಮರುದಿನದಿಂದ ನಾವು ಆ ಮನೆಯ ಕಡೆ ತಿರುಗಿಯೂ ನೋಡದಿರುವ ಬಗ್ಗೆ.

ಸಿಪಾಯಿಯಾಗಿ ಸೇರಿದವರು 15–17 ವರ್ಷ ದುಡಿದು 35ರಿಂದ 40ರೊಳಗೆ ಮನೆಗೆ ಬರುತ್ತಾರೆ. ಅದು ಮುಪ್ಪಿನ ವಿಶ್ರಾಂತಿಯಲ್ಲ, ಅರ್ಧ ಆಯುಷ್ಯದಲ್ಲಿ ಬದುಕನ್ನು ಮೊದಲಿನಿಂದ ಕಟ್ಟುವ ಕೆಲಸ. ಪಲ್ಟನ್ನಿನಲ್ಲಿ ದಿನದ ಒಂದೊಂದು ಗಳಿಗೆಗೂ ಕೆಲಸವಿತ್ತು. ಬೆಳಗಿನ ಪಿ.ಟಿ., ಹಾಜರಿ, ಡ್ಯೂಟಿ, ಲಂಗರಿನ ಊಟ. ಪಕ್ಕದ ಹಾಸಿಗೆಯವನಿಗೆ ಏನನ್ನೂ ಬಿಡಿಸಿ ಹೇಳಬೇಕಿರಲಿಲ್ಲ, ಅವನೂ ಅದೇ ಪೋಸ್ಟಿನಲ್ಲಿ ನಿಂತವನು. ಊರಿಗೆ ಬಂದಾಗ ಈ ಎಲ್ಲವೂ ಒಂದೇ ದಿನದಲ್ಲಿ ಕಳಚಿಬೀಳುತ್ತದೆ. ಕುಪ್ವಾಡಾದಲ್ಲೋ ಸಿಯಾಚಿನ್‌ನಲ್ಲೋ ಕಂಡದ್ದು ಅಲ್ಲಿಯವರೆಗೆ ಕೆಲಸದ ಕೆಳಗೆ ಮುಚ್ಚಿಕೊಂಡಿತ್ತು. ಕೈ ಖಾಲಿಯಾದಾಗ ಮೇಲೆ ಬರುತ್ತದೆ. ಘಟನೆ ನಡೆದು ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳ ಮೇಲೆ ತೊಂದರೆ ಶುರುವಾಗುವುದನ್ನು ವೈದ್ಯರು ಚೆನ್ನಾಗಿ ಬಲ್ಲರು. “ಅಲ್ಲಿದ್ದಾಗ ಆರಾಮ ಇದ್ದ, ಈಗ್ಯಾಕ ಹಿಂಗ?” ಎಂದು ಬೆರಗಾಗುವ ಮನೆಯವರಿಗೆ ಮೊದಲು ತಿಳಿಯಬೇಕಾದದ್ದು ಇದು.

ಒಳಗೆ ಆಗುವುದೇನು? ಅಪಾಯ ಎದುರಾದಾಗ ಮಿದುಳು ಮೈಯನ್ನು ಎಚ್ಚರಿಸುತ್ತದೆ, ಎದೆ ಬಡಿತ ಏರುತ್ತದೆ, ಉಸಿರು ಬಿಗಿಯಾಗುತ್ತದೆ, ಕಣ್ಣು ಎಲ್ಲ ಕಡೆ ಹುಡುಕುತ್ತದೆ. ಗುಂಡಿನ ಸದ್ದಿನ ನಡುವೆ ಜೀವ ಉಳಿಸಿದ್ದು ಈ ಎಚ್ಚರವೇ. ತೊಂದರೆ ಎಂದರೆ ಅದು ಆರಿಸಿದರೂ ಆರುವುದಿಲ್ಲ. ನಮ್ಮ ಹೊಲದ ಬೋರಿನ ಆಟೋ ಸ್ಟಾರ್ಟರ್ ಇದೆಯಲ್ಲ, ಕರೆಂಟು ಬಂತೆಂದರೆ ಕಬ್ಬಿನ ಸಾಲಿನಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೂ ಮೋಟಾರು ಹಚ್ಚಿಬಿಡುತ್ತದೆ; ಹಾಗೆಯೇ ಇದು. ಗಣೇಶನ ಹಬ್ಬದ ಪಟಾಕಿ, ಕಲ್ಲು ಕ್ವಾರಿಯ ಸ್ಫೋಟ, ಟ್ರ್ಯಾಕ್ಟರಿನ ಟೈರು ಒಡೆದ ಸದ್ದು, ಯಾವುದಾದರೂ ಸಾಕು. ಕಂಡದ್ದು ಕನಸಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ನೆನಪಿಸುವ ಜಾಗ, ಮಾತು, ಮನುಷ್ಯರಿಂದ ಆತ ದೂರ ಸರಿಯುತ್ತಾನೆ. ನಿದ್ದೆ ಕೆಡುತ್ತದೆ, ಸಣ್ಣದಕ್ಕೆ ಸಿಟ್ಟು ನೆತ್ತಿಗೇರುತ್ತದೆ, ಮಗುವನ್ನು ಎತ್ತಿಕೊಂಡರೂ ಪ್ರೀತಿ ಉಕ್ಕುವುದಿಲ್ಲ ಎಂದು ಒಳಗೇ ಕೊರಗುತ್ತಾನೆ. ಭೀಕರವಾದದ್ದನ್ನು ಕಂಡ ಬಳಿಕ ಕೆಲವು ವಾರ ಹೀಗಿರುವುದು ಸಹಜ, ಬಹುಪಾಲು ಜನ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಮೀರಿಯೂ ಬಿಡದೆ ಸಂಸಾರ, ಕೆಲಸ ಎರಡನ್ನೂ ಕೆಡಿಸುತ್ತಿದ್ದರೆ ಅದು ಕಾಯಿಲೆ. ಅದಕ್ಕೆ ಮದ್ದಿದೆ, ಮಾತಿನ ಚಿಕಿತ್ಸೆಯೂ ಇದೆ. ಹೇಡಿತನಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇದೇನು ಈಗಿನ ಕಾಲದ ಕಾಯಿಲೆಯಲ್ಲ. ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ನುಗಳು ಮೆಸೊಪೊಟೇಮಿಯಾದ ಕುತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕು ತಿಂಗಳುಗಟ್ಟಲೆ ಹಸಿದು, 1916ರ ಏಪ್ರಿಲ್‌ನಲ್ಲಿ ಸೆರೆಯಾದವು. ಅಲ್ಲಿಂದ ಬದುಕಿ ಬಂದವರ ರಾತ್ರಿಗಳು ಹೇಗಿದ್ದವೋ, ಅವರ ಹೆಂಡಂದಿರು ಏನೆಂದುಕೊಂಡರೋ. ಆ ಯುದ್ಧದಲ್ಲೇ ಇಂಗ್ಲಿಷ್ ವೈದ್ಯರು ಇಂಥ ಸೈನಿಕರ ಬಗ್ಗೆ ಬರೆಯತೊಡಗಿದ್ದರು, ಆದರೂ ಈ ಕಾಯಿಲೆ ಇಂದಿನ ಹೆಸರಿನಲ್ಲಿ ವೈದ್ಯರ ಅಧಿಕೃತ ಪಟ್ಟಿಗೆ ಸೇರಿದ್ದು 1980ರಲ್ಲಿ, ಅಮೆರಿಕದಲ್ಲಿ. ಅದು ಸೇರಿದ ದಾರಿ ನಮ್ಮ ಹಳ್ಳಿಗಳಿಗೆ ಬಹಳ ಮುಖ್ಯ ಎಂದು ನನಗನ್ನಿಸುತ್ತದೆ. ವಿಯೆಟ್ನಾಂನಿಂದ ಮರಳಿದ ಸೈನಿಕರು 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ತಮ್ಮತಮ್ಮಲ್ಲೇ ಗುಂಪಾಗಿ ಕೂತು ಮಾತನಾಡತೊಡಗಿದರು. ಸರ್ಕಾರಿ ಆಸ್ಪತ್ರೆಗಳ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ರಾಬರ್ಟ್ ಜೇ ಲಿಫ್ಟನ್, ಚೈಮ್ ಶಟಾನ್ ಎಂಬ ಮನೋವೈದ್ಯರು ಆ ಗುಂಪಿಗೆ ಹೋಗಿ ಕೂತು ಕೇಳಿಸಿಕೊಂಡರು. ಕೇಳಿದ್ದನ್ನು ಬರೆದರು, ವಾದಿಸಿದರು. 1979ರಲ್ಲಿ ಅಲ್ಲಿನ ಸರ್ಕಾರ ಆಸ್ಪತ್ರೆಯ ಹೊರಗೆ, ಪೇಟೆ ಬೀದಿಗಳಲ್ಲಿ, ಮಾಜಿ ಸೈನಿಕರೇ ಮಾಜಿ ಸೈನಿಕರನ್ನು ಬರಮಾಡಿಕೊಳ್ಳುವ ಕೇಂದ್ರಗಳನ್ನು ತೆರೆಯಿತು. ಗೆಳೆಯರ ಗುಂಪು ಮುಂದೆ ನಡೆಯಿತು, ವೈದ್ಯಶಾಸ್ತ್ರ ಅದರ ಹಿಂದೆ ಬಂತು.

ನಮ್ಮಲ್ಲಿ ಆ ಗುಂಪಿನ ಸಾಮಗ್ರಿ ಊರೂರಿಗೂ ಇದೆ. ಮಾಜಿ ಸೈನಿಕರ ಸಂಘಗಳಿವೆ, ಆಗಸ್ಟ್ 15ಕ್ಕೆ ಧ್ವಜಾರೋಹಣ ಮಾಡುತ್ತವೆ, ಪಿಂಚಣಿ ಕಾಗದಪತ್ರಕ್ಕೆ ಓಡಾಡುತ್ತವೆ, ಕ್ಯಾಂಟೀನ್ ಕಾರ್ಡು ಮಾಡಿಸುತ್ತವೆ. ಅದೇ ಸಂಘ ಹೊಸದಾಗಿ ಪೆನ್ಶನ್ ಬಂದವನ ಮನೆಗೆ ಒಂದು ವರ್ಷ ಬಿಡದೆ ಹೋಗಿ ಬರಲಿ ಎನ್ನುವುದು ನನ್ನ ಮಾತು. ಹೀಗೆ ಮಾಡುವ ನಿವೃತ್ತ ಹವಾಲ್ದಾರರೊಬ್ಬರನ್ನು ನಾನು ಬಲ್ಲೆ. ಅವರಿಗೆ ಯಾರೂ ತರಬೇತಿ ಕೊಟ್ಟಿಲ್ಲ. ತಮ್ಮ ಊರಿನ ಹುಡುಗನೊಬ್ಬ ಫೌಜು ಬಿಟ್ಟು ಬಂದು ಯಾರ ಜೊತೆಗೂ ಸೇರುತ್ತಿಲ್ಲ ಎಂದು ತಿಳಿದಾಗ ಅವರು ಬುದ್ಧಿ ಹೇಳಲು ಹೋಗಲಿಲ್ಲ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಅಪರಾತ್ರಿಯಲ್ಲಿ ಬರುವುದುಂಟು. ನಿದ್ದೆ ಬಾರದ ಆ ಹುಡುಗ ಕಬ್ಬಿಗೆ ನೀರು ಬಿಡುವ ನೆಪದಲ್ಲಿ ಇಡೀ ರಾತ್ರಿ ಹೊಲದಲ್ಲೇ ಕಳೆಯುತ್ತಿದ್ದ. “ತಮ್ಮಾ, ನನಗೂ ನಿದ್ದಿ ಬರಾಂಗಿಲ್ಲ, ನಿನ ಸಂಗಾಟ ಬರ್ತೀನಿ” ಎಂದು ಹವಾಲ್ದಾರರು ಬ್ಯಾಟರಿ ಹಿಡಿದು ಹೊರಟರು. ಬದುವಿನ ಮೇಲೆ ಕೂತು ಚಹಾ ಕುಡಿಯುವುದು, ಸಾಲು ತಿರುವುವುದು, ಮಳೆ ಬೆಳೆ ಮಾತು. ಎಷ್ಟೋ ದಿನ ಇಷ್ಟೇ. ಒಂದು ರಾತ್ರಿ ಆ ಹುಡುಗ ತಾನಾಗಿಯೇ ತನ್ನ ಜೋಡಿ ಸಿಪಾಯಿ ಹೇಗೆ ಹೋದ ಎಂಬುದನ್ನು ಹೇಳಿದ. ಹವಾಲ್ದಾರರು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಹೇಳಿದ್ದು ಇಷ್ಟು: “ನನಗೂ ಹಿಂಗ ಆಗಿತ್ತು. ಬೆಳಗಾವಿ ದವಾಖಾನಿಗೆ ಹ್ವಾದೆ, ಗುಳಿಗಿ ತೊಗೊಂಡೆ, ಕಡಿಮಿ ಆತು. ನಾಳೆ ಇಬ್ಬರೂ ಕೂಡೇ ಹೋಗೂನು.” ಅದೇ ಮಾತನ್ನು ಅವನ ಹೆಂಡತಿ ಹತ್ತು ಸಲ ಹೇಳಿ ಸೋತಿದ್ದಳು. ಅವರು ಹೇಳಿದಾಗ ಅವನು ಎದ್ದು ಹೊರಟ.

ಇದು ಒಬ್ಬ ಒಳ್ಳೆಯ ಮನುಷ್ಯನ ಕಥೆ ಮಾತ್ರವಲ್ಲ. ಲಂಡನ್ನಿನ ಮನೋವಿಜ್ಞಾನಿ ಕ್ರಿಸ್ ಬ್ರೂವಿನ್ ಮತ್ತು ಸಂಗಡಿಗರು 2000ದಲ್ಲಿ 77 ಅಧ್ಯಯನಗಳನ್ನು ಒಟ್ಟುಗೂಡಿಸಿ, ಆಘಾತ ಕಂಡವರಲ್ಲಿ ಯಾರಿಗೆ ಕಾಯಿಲೆ ಅಂಟಿಕೊಳ್ಳುತ್ತದೆ ಎಂದು ನೋಡಿದರು. ಘಟನೆಗೆ ಮೊದಲಿನ ಸಂಗತಿಗಳಿಗಿಂತ, ಅಂದರೆ ವಯಸ್ಸು, ಓದು, ಹಳೆಯ ತೊಂದರೆಗಳಿಗಿಂತ, ಘಟನೆಯ ನಂತರ ಜನರ ಆಸರೆ ಇತ್ತೋ ಇಲ್ಲವೋ ಎಂಬುದರ ತೂಕ ಹೆಚ್ಚಿತ್ತು. ಹಳೆಯದನ್ನು ಯಾರೂ ಬದಲಿಸಲಾರರು. ನಂತರದ್ದು ನೆರೆಹೊರೆಯ ಕೈಯಲ್ಲಿದೆ.

ಆದರೆ ಆಸರೆ ಎಂದರೆ ಕೂರಿಸಿಕೊಂಡು ಕೆದಕುವುದಲ್ಲ. ದುರಂತ ನಡೆದ ಕೂಡಲೇ ಎಲ್ಲರನ್ನೂ ಒಂದೆಡೆ ಸೇರಿಸಿ, ಕಂಡದ್ದನ್ನೆಲ್ಲ ಒಂದೇ ಬಾರಿಗೆ ಹೇಳಿಸಿಬಿಡುವ ಪದ್ಧತಿ ಹಿಂದೆ ಬಹಳ ಚಾಲ್ತಿಯಲ್ಲಿತ್ತು. ಅದರಿಂದ ಕಾಯಿಲೆ ತಪ್ಪುವುದಿಲ್ಲ, ಕೆಲವರಿಗೆ ಇನ್ನಷ್ಟು ಹಿಂಸೆಯಾಗಬಹುದು ಎಂದು ಅಧ್ಯಯನಗಳು ತೋರಿಸಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪುವುದನ್ನು ಬಿಟ್ಟಿತು. 2011ರಲ್ಲಿ ಅದು ಹೊರತಂದ ಕೈಪಿಡಿ ಹೇಳುವುದು ಸರಳ: ಪರಿಸ್ಥಿತಿ ನೋಡು, ಅವರಾಗಿ ಹೇಳಿದ್ದನ್ನು ಕೇಳು, ಬೇಕಾದ ನೆರವಿನ ಜೊತೆ ಜೋಡಿಸು. ನಮ್ಮ ಬದುವಿನ ಹವಾಲ್ದಾರರು ಮಾಡಿದ್ದು ಇದನ್ನೇ.

ಊರವರು ಬಿಡಬೇಕಾದ ಒಂದು ಚಾಳಿ ಇದೆ. ಕಟ್ಟೆಗೆ ಬಂದ ಫೌಜಿಯನ್ನು ಸುತ್ತುಗಟ್ಟಿ “ಎಷ್ಟ ಮಂದಿನ ಹೊಡದೀಯೋ?” ಎಂದು ಕೇಳುವುದು. ಹುಡುಗರು ಕೇಳುತ್ತಾರೆ, ದೊಡ್ಡವರೂ ಕೇಳುತ್ತಾರೆ, ಅಭಿಮಾನದಿಂದಲೇ ಕೇಳುತ್ತಾರೆ. ಆ ಪ್ರಶ್ನೆಯ ನಂತರ ಆತ ಕಟ್ಟೆಗೆ ಬರುವುದನ್ನೇ ಬಿಡುತ್ತಾನೆ. ಇನ್ನೊಂದು, ಬಾಟಲಿ. ಕ್ಯಾಂಟೀನಿನಲ್ಲಿ ಅಗ್ಗಕ್ಕೆ ಸಿಗುವ ರಮ್ಮಿಗೆ ಊರೆಲ್ಲ ಗೆಳೆಯರು. ಮೊದಮೊದಲು ಅದು ನಿದ್ದೆ ತರುತ್ತದೆ. ಆಮೇಲೆ ಅದೇ ನಿದ್ದೆಯನ್ನು ನಡುರಾತ್ರಿಯಲ್ಲಿ ಮುರಿಯುತ್ತದೆ, ಕನಸುಗಳನ್ನು ಕೆಡಿಸುತ್ತದೆ, ಸಿಟ್ಟನ್ನು ಹೆಂಡತಿ ಮಕ್ಕಳ ಮೇಲೆ ಹಾಯಿಸುತ್ತದೆ. ಕುಡಿತವನ್ನಷ್ಟೇ ಬೈದು ಅದರ ಕೆಳಗಿನ ಭಯವನ್ನು ಮುಟ್ಟದಿದ್ದರೆ ಎರಡೂ ಉಳಿಯುತ್ತವೆ. ಮತ್ತೊಂದನ್ನು ಹೇಳಲೇಬೇಕು. ಬ್ಯಾಂಕು, ಕಾರ್ಖಾನೆಗಳಲ್ಲಿ ಗಾರ್ಡ್ ಕೆಲಸ ಮಾಡುವ ಎಷ್ಟೋ ಮಾಜಿ ಸೈನಿಕರ ಮನೆಯಲ್ಲಿ ಲೈಸನ್ಸ್ ಬಂದೂಕು ಇರುತ್ತದೆ. ಮನೆಯವನು ಬದುಕು ಬೇಸರವಾಗಿದೆ ಎನ್ನುತ್ತಿದ್ದರೆ ಆ ಬಂದೂಕು ಕೆಲ ಕಾಲ ಪೊಲೀಸ್ ಠಾಣೆಯಲ್ಲಿ ಠೇವಣಿ ಇರಲಿ, ಹೊಲದ ಔಷಧಿಯ ಡಬ್ಬಿಗೆ ಬೀಗ ಬೀಳಲಿ. “ಸಾಯೋ ವಿಚಾರ ಬರತೈತೇನು?” ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಕೇಳುವವರಿದ್ದಾರೆ ಎಂಬುದೇ ಒಂದು ಹಿಡಿತ.

ಇಷ್ಟು ಹೊತ್ತು ಸೈನಿಕರ ಮಾತಾಯಿತು, ಇನ್ನು ಕಾಪಾಡಲು ಹೋಗುವವರ ಮಾತು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಹೂತುಹೋದದ್ದು ಎಲ್ಲರಿಗೂ ನೆನಪಿದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೆ ಜೀವಂತ ಸಿಕ್ಕಾಗ ನಾಡೆಲ್ಲ ದೀಪ ಹಚ್ಚಿ ಪ್ರಾರ್ಥಿಸಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಆದರೆ ಆ ಎತ್ತರದಲ್ಲಿ ದಿನಗಟ್ಟಲೆ ಹಿಮಗಡ್ಡೆ ಕೊರೆದು ಜೊತೆಗಾರರ ದೇಹಗಳನ್ನು ಒಂದೊಂದಾಗಿ ಹೊರತೆಗೆದವರು ಈಗ ಹೇಗಿದ್ದಾರೆ ಎಂದು ನಾವು ಕೇಳಿಲ್ಲ. ಕಾಪಾಡಲು ಹೋದವರನ್ನು ಮರೆಯುವುದು ನಮ್ಮ ಅಭ್ಯಾಸ.

ನಮ್ಮ ಘಟಪ್ರಭೆಯ ದಂಡೆಯಲ್ಲೂ ಅದನ್ನೇ ಮಾಡಿದ್ದೇವೆ. 2019ರ ಆಗಸ್ಟ್‌ನಲ್ಲಿ ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟಾಗ ಗೋಕಾಕದ ಲೋಳಸೂರ ಸೇತುವೆ ಮುಳುಗಿತು, ಪೇಟೆಯೊಳಗೆ ನದಿ ಹರಿಯಿತು, ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿ ಕಡೆಯ ದಂಡೆಯ ಹಳ್ಳಿಗಳು ನೀರು ಪಾಲಾದವು. ಸೇನೆ ಬಂತು, ಎನ್‌ಡಿಆರ್‌ಎಫ್ ಬಂತು. ಅವರು ಬರುವ ಮೊದಲೂ ಬಂದ ಮೇಲೂ ನೀರಿಗಿಳಿದವರಲ್ಲಿ ನಮ್ಮ ಅಗ್ನಿಶಾಮಕ ಸಿಬ್ಬಂದಿ ಇದ್ದರು, ಪೊಲೀಸರು, ಗೃಹರಕ್ಷಕರು, ಹೆಸ್ಕಾಂ ಲೈನ್‌ಮನ್‌ಗಳು, ಈಜು ಬಲ್ಲ ಊರ ಹುಡುಗರು ಇದ್ದರು. ಅವರಲ್ಲಿ ಕೆಲವರ ಮನೆಗಳೂ ಅದೇ ನೀರಿನಲ್ಲಿ ನಿಂತಿದ್ದವು. ಹಗ್ಗದಲ್ಲಿ ಕಟ್ಟಿದ್ದ ದನಗಳು ಹಾಗೇ ಮುಳುಗಿದ್ದನ್ನು ಕಂಡ ಹುಡುಗನೊಬ್ಬ ಮಳೆಗಾಲ ಬಂತೆಂದರೆ ಕೊಟ್ಟಿಗೆ ಕಡೆ ಹೋಗುವುದಿಲ್ಲ ಎಂದು ಅವನ ಅವ್ವ ನನ್ನ ಹತ್ತಿರ ಹೇಳಿಕೊಂಡರು. ಆಮೇಲೆ 2021ರಲ್ಲಿ, 2024ರಲ್ಲಿ ನದಿ ಮತ್ತೆ ಊರಿಗೆ ಬಂತು, ಅದೇ ಜನ ಮತ್ತೆ ನೀರಿಗಿಳಿದರು.

108ರ ಸಿಬ್ಬಂದಿಯನ್ನೂ ಇಲ್ಲಿ ಸೇರಿಸುತ್ತೇನೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ ಆರೋಗ್ಯ ಕವಚದ ಆಂಬುಲೆನ್ಸಿನಲ್ಲಿ ಪೈಲಟ್ ಎಂದು ಕರೆಯುವ ಒಬ್ಬ ಚಾಲಕ, ಒಬ್ಬ ತುರ್ತು ಚಿಕಿತ್ಸಾ ಸಿಬ್ಬಂದಿ. ಕಬ್ಬಿನ ಹಂಗಾಮಿನಲ್ಲಿ ಹಿಂಬದಿ ದೀಪವಿಲ್ಲದ ಟ್ರೇಲರುಗಳಿಗೆ ಬೈಕುಗಳು ಗುದ್ದುವ ರಾತ್ರಿಗಳಲ್ಲಿ ಅವರು ಏನೆಲ್ಲ ಎತ್ತಿ ಗಾಡಿಗೆ ಹಾಕುತ್ತಾರೆಂದು ಬರೆಯಲು ಮನಸ್ಸಾಗದು. ಗಾಡಿ ತೊಳೆದು ಮುಂದಿನ ಕರೆಗೆ ಓಡಬೇಕು. ಮಾಜಿ ಸೈನಿಕನಿಗೆ ಪಿಂಚಣಿಯಿದೆ, ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆಯಿದೆ, ಮೆರವಣಿಗೆಯಾದರೂ ಇದೆ. ದಿನದ ಭತ್ಯೆಯ ಗೃಹರಕ್ಷಕನಿಗೆ, ಗುತ್ತಿಗೆಯ ಪೈಲಟ್‌ಗೆ ಏನಿದೆ? ನೆರೆ ಇಳಿದ ಮೇಲೆ ಬೆಳೆ, ಮನೆ, ದನಗಳ ಹಾನಿಯ ಸರ್ವೆ ಆಗುತ್ತದೆ. ನೀರಿಗಿಳಿದವರ ಪಟ್ಟಿಯನ್ನೂ ಅದೇ ತಹಶೀಲ್ದಾರ್ ಕಚೇರಿ ಮಾಡಿ, ತಿಂಗಳೊಪ್ಪತ್ತಿನ ಮೇಲೆ ಆರೋಗ್ಯ ಕಾರ್ಯಕರ್ತೆಯೊಬ್ಬರು ಅವರವರ ಮನೆಗೆ ಹೋಗಿ ನಿದ್ದೆ, ಊಟ, ಕೆಲಸ ಹೇಗಿದೆ ಎಂದು ವಿಚಾರಿಸುವಂತಾಗಬೇಕು. ಇದು ಆಗದ ಮಾತೇನಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯ ಎಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆ ಬಳ್ಳಾರಿಯೇ. ಒಡಿಶಾದ 1999ರ ಚಂಡಮಾರುತ, 2001ರ ಗುಜರಾತಿನ ಭೂಕಂಪಗಳ ನಂತರವೂ ನಿಮ್ಹಾನ್ಸಿನವರು ಊರಿನ ಸಾಮಾನ್ಯ ಕಾರ್ಯಕರ್ತರಿಗೇ ಈ ಕೆಲಸ ಕಲಿಸಿದರು. ಕನ್ನಡ ನಾಡಿನಿಂದ ಹೊರಟ ವಿದ್ಯೆ ನಮ್ಮ ನದಿಯ ದಂಡೆಗೆ ಬರಲು ಯಾಕೆ ತಡ?

ಈಗ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗೆ ಬರುತ್ತೇನೆ, ಯಾರಿಗೆ ತೋರಿಸುವುದು? ನಮ್ಮ ಕಡೆ “ಇವನ್ನ ಧಾರವಾಡಕ್ಕ ಕಳಸಬೇಕು” ಎನ್ನುವುದು ಬೈಗುಳ. ಆ ಮಾತಿನ ಭಯದಿಂದಲೇ ಎಷ್ಟೋ ಮನೆಗಳು ಸುಮ್ಮನಾಗುತ್ತವೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವತ್ತು ಹೊರರೋಗಿಗಳು ಬೆಳಿಗ್ಗೆ ಹೋಗಿ ತೋರಿಸಿಕೊಂಡು ಸಂಜೆಗೆ ಮನೆಗೆ ಮರಳುವ ಆಸ್ಪತ್ರೆ. ಅಷ್ಟು ದೂರ ಬೇಡವೆಂದರೆ ಮನೋಚೈತನ್ಯ ಎಂಬ ರಾಜ್ಯ ಸರ್ಕಾರದ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ತಪಾಸಣೆ ನಡೆಯುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯಿಂದ ಮೊದಲೇ ಕೇಳಿಕೊಳ್ಳಿ. ಇ.ಸಿ.ಎಚ್.ಎಸ್. ಕಾರ್ಡು ಇದ್ದವರಿಗೆ ಬೆಳಗಾವಿಯ ಪಾಲಿಕ್ಲಿನಿಕ್ ಇದೆ. ಯಾವುದೂ ಬೇಡ ಎಂದು ಹಟ ಹಿಡಿದವರ ಮನೆಯಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿರಲಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲೂ ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಗಂಡ ಒಲ್ಲೆನೆಂದರೆ ಹೆಂಡತಿ ಕರೆ ಮಾಡಬಹುದು, ತಾಯಿ ಮಾಡಬಹುದು. ಇನ್ನೂ ಸೇವೆಯಲ್ಲಿರುವವರಿಗೂ ಅವರ ಮನೆಯವರಿಗೂ ಎಂದು 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರದೇ ಪ್ರತ್ಯೇಕ ಘಟಕ ತೆರೆದಿದೆ. ಮನೆಯ ಹೆಂಗಸರು ತಮ್ಮ ನಿದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಕಂತು ಕಟ್ಟಲು ಬರುವ ಫೌಜಿಗಳ ಹೆಂಡಂದಿರು ಲೆಕ್ಕ ಮುಗಿದ ಮೇಲೆ ಅರ್ಧ ತಾಸು ತಮ್ಮತಮ್ಮಲ್ಲೇ ಕೂತು ಮಾತಾಡಿದರೂ ಬಹಳ ಭಾರ ಇಳಿಯುತ್ತದೆ.

ಇದೆಲ್ಲ ಬೇಗ ಆಗಬೇಕೆನ್ನಲು ನನಗೊಂದು ಕಾರಣವಿದೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ಮುಗಿಸಿದವರಲ್ಲಿ ಶೇ 25ರಷ್ಟು ಮಂದಿ ಮಾತ್ರ ಸೇನೆಯಲ್ಲಿ ಉಳಿಯುತ್ತಾರೆ. 2023ರ ಜನವರಿಯಲ್ಲಿ ತರಬೇತಿಗೆ ಸೇರಿದ ಮೊದಲ ತಂಡದ ಅವಧಿ 2026ರ ಕೊನೆಗೆ ತುಂಬುತ್ತದೆ. ಮರಳುವವರು ಇಪ್ಪತ್ತರ ಹರೆಯದ ಹುಡುಗರು. ಕೈಗೆ ಸೇವಾನಿಧಿಯ ಇಡಿಗಂಟು ಬರುತ್ತದೆ, ಪಿಂಚಣಿಯಿಲ್ಲ, ಇ.ಸಿ.ಎಚ್.ಎಸ್. ಇಲ್ಲ. ಗಡಿಯಲ್ಲಿ ಏನು ಕಂಡು ಬಂದರು ಎಂಬುದನ್ನು ಪಿಂಚಣಿ ನಿಯಮ ನೋಡಿ ಮನಸ್ಸು ನೆನಪಿಡುವುದಿಲ್ಲ. ಹದಿನೇಳು ವರ್ಷ ದುಡಿದವನಿಗೆ ಸಂಘದ ಸದಸ್ಯತ್ವ ತಾನಾಗಿ ಸಿಗುತ್ತದೆ. ಈ ಹುಡುಗರನ್ನು ಹಿರಿಯರು ತಾವಾಗಿ ಮನೆಗೆ ಹೋಗಿ ಕರೆತರಬೇಕು, ನಿಯಮಾವಳಿ ತಿದ್ದಬೇಕಾದರೆ ತಿದ್ದಬೇಕು. ಮೂಡಲಗಿ, ಗೋಕಾಕ, ಹುಕ್ಕೇರಿಗಳ ಸಂಘಗಳು ಇದಕ್ಕಾಗಿ ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಿಂದ ಯಾವ ಆದೇಶಕ್ಕೂ ಕಾಯಬೇಕಿಲ್ಲ. ಯಾವ ಊರಿನಿಂದ ಯಾರು ಅಗ್ನಿವೀರರಾಗಿ ಹೋದರು ಎಂಬ ಪಟ್ಟಿ ಅವರನ್ನು ನಸುಕಿನಲ್ಲಿ ಓಡಿಸಿದ ಭರ್ತಿ ತರಬೇತಿಯ ಮಾಸ್ತರರ ವಹಿಯಲ್ಲಿ ಈಗಾಗಲೇ ಇದೆ, ಅವರ ಅಪ್ಪಂದಿರ ಫೋನ್ ನಂಬರಿನ ಸಮೇತ.